ಗಲ್ಲೆಯಲ್ಲಿ ಕಡಿಮೆ ಬಿದ್ದರೆ ಮಾಣಿಯೇ ಕಳ್ಳನೇ?



ಮುಂಬಯಿಯ ನಮ್ಮ ಹೊಟೇಲುಗಳಲ್ಲಿ ಒಂದು ವಿಚಿತ್ರ ನ್ಯಾಯ ಬಹುಕಾಲದಿಂದ ನಡೆದುಬಂದಿದೆ. ರಾತ್ರಿ ಬಾಗಿಲು ಎಳೆದ ಮೇಲೆ ಗಲ್ಲೆಯ ಹಣ ಎಣಿಸುತ್ತಾರೆ. ಲೆಕ್ಕಕ್ಕಿಂತ ಹೆಚ್ಚು ಬಂದರೆ ಅದು ಧಣಿಯ ಪುಣ್ಯ. ಕಡಿಮೆ ಬಂದರೆ ಅದು ಮಾಣಿಯ ಪಾಪ. ಹೆಚ್ಚು ಬಂದ ದಿನ ಯಾರ ಹೆಸರನ್ನೂ ಬರೆಯುವುದಿಲ್ಲ. ಕಡಿಮೆ ಬಂದ ದಿನ ಮಾತ್ರ ಒಂದು ಹೆಸರು ಬೇಕು. ಆ ಹೆಸರು ಗಲ್ಲೆಯಲ್ಲಿ ಕುಳಿತ ಧಣಿಯ ಭಾವಮೈದನದ್ದಾಗಿರುವುದಿಲ್ಲ, ಮಾರ್ಕೆಟಿನಿಂದ ಸಾಮಾನು ತರಿಸುವ ಮೆನೇಜರನದ್ದೂ ಆಗಿರುವುದಿಲ್ಲ. ಮೇಜು ಒರೆಸುವ ಹುಡುಗನದ್ದು, ತಟ್ಟೆ ಹಿಡಿದು ಓಡುವ ಸಪ್ಲಾಯರನದ್ದು. ತಿಂಗಳ ಕೊನೆಗೆ ಪಗಾರದಲ್ಲಿ ಕಡಿತ. ಬಾಯಿ ತೆರೆದರೆ ಗಂಟುಮೂಟೆ ಕಟ್ಟು. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಇದು ಕಳ್ಳರ ಪರವಾದ ಲೇಖನವಲ್ಲ. ನಮ್ಮಲ್ಲಿ ಕಳ್ಳರೇ ಇಲ್ಲವೆಂದು ಎದೆ ತಟ್ಟಿಕೊಂಡರೆ ಆ ಮಾತನ್ನು ನಾವೇ ನಂಬಲಾರೆವು. ಬಿಲ್ಲು ಬರೆಯದೆ ಗಿರಾಕಿಯ ಹಣವನ್ನು ಕಿಸೆಗೆ ಇಳಿಸುವವರಿದ್ದಾರೆ. ಉಗ್ರಾಣದ ತುಪ್ಪದ ಡಬ್ಬವನ್ನು ಹಿಂಬಾಗಿಲಿನಿಂದ ಸಾಗಿಸುವವರಿದ್ದಾರೆ. ಅವರು ಧಣಿಗೆ ಮಾತ್ರ ದ್ರೋಹಿಗಳಲ್ಲ, ನಮಗೂ ದ್ರೋಹಿಗಳು. ಒಬ್ಬನು ಕದ್ದರೆ ಹತ್ತು ಮಂದಿ ತಲೆ ತಗ್ಗಿಸಬೇಕಾಗುತ್ತದೆ. ಆದರೆ ಪ್ರಶ್ನೆ ಇರುವುದು ಬೇರೆ ಕಡೆ. ಕಳ್ಳನನ್ನು ಹಿಡಿಯುವುದು ಹೇಗೆ? ಸಂಶಯದಿಂದಲೋ, ಲೆಕ್ಕದಿಂದಲೋ? ಮುಖ ನೋಡಿಯೋ, ಪುಸ್ತಕ ನೋಡಿಯೋ?

ಲೆಕ್ಕದಿಂದಲೇ ಹಿಡಿಯಬೇಕು ಎಂಬುದು ನನ್ನ ವಾದ. ಅಷ್ಟೇ ಅಲ್ಲ, ಆ ಲೆಕ್ಕದ ಕಟ್ಟುಪಾಡನ್ನು ಧಣಿಗಳಿಗಿಂತ ಮೊದಲು ನಾವು ಕೇಳಬೇಕು. ಪಗಾರ ಹೆಚ್ಚಿಸಿ, ವಾರಕ್ಕೊಂದು ರಜೆ ಕೊಡಿ ಎಂದು ಕೇಳುವಂತೆಯೇ, "ನಮ್ಮೆದುರಿನಲ್ಲಿ ಎಣಿಸಿ, ಬರೆದು ಸಹಿ ಕೊಡಿ" ಎಂದು ಕೇಳಬೇಕು. ಲೆಕ್ಕವಿಲ್ಲದ ಮನೆಯಲ್ಲಿ ಕಳ್ಳನಿಗೂ ಸಾಚಾನಿಗೂ ಒಂದೇ ಬೆಲೆ. ಅಂಥ ಮನೆಯಲ್ಲಿ ಕೆಟ್ಟವನು ಉಳಿದುಕೊಳ್ಳುತ್ತಾನೆ, ಬಡವನು ಹೊರಗೆ ಬೀಳುತ್ತಾನೆ.

ಗಂಟೆ ಬಾರಿಸಿದ ಯಂತ್ರ

ಹಣ ಎಣಿಸುವ ಯಂತ್ರ ಹುಟ್ಟಿದ್ದು ಬ್ಯಾಂಕಿನಲ್ಲಲ್ಲ, ನಮ್ಮಂಥವರು ದುಡಿಯುವ ಜಾಗದಲ್ಲಿ. ಅಮೆರಿಕದ ಓಹಾಯೋ ಸಂಸ್ಥಾನದ ಡೇಟನ್ ಪಟ್ಟಣದಲ್ಲಿ ಜೇಮ್ಸ್ ರಿಟ್ಟಿ ಎಂಬವನು ಪಾನಗೃಹ ಇಟ್ಟುಕೊಂಡಿದ್ದ. ವ್ಯಾಪಾರ ಚೆನ್ನಾಗಿತ್ತು, ಲಾಭ ಮಾತ್ರ ಕಾಣಿಸುತ್ತಿರಲಿಲ್ಲ. ನೌಕರರು ಹಣ ಹೊಡೆಯುತ್ತಾರೆಂದು ಅವನಿಗೆ ಸಂಶಯ. ಒಮ್ಮೆ ಹಡಗಿನಲ್ಲಿ ಯುರೋಪಿಗೆ ಹೋಗುವಾಗ, ಹಡಗಿನ ಚಕ್ರ ಎಷ್ಟು ಸುತ್ತು ತಿರುಗಿತೆಂದು ಎಣಿಸುವ ಒಂದು ಉಪಕರಣವನ್ನು ಕಂಡ. ಸುತ್ತನ್ನು ಎಣಿಸುವ ಯಂತ್ರವಿದ್ದರೆ ಹಣ ಎಣಿಸುವ ಯಂತ್ರ ಏಕಿರಬಾರದು? ಊರಿಗೆ ಮರಳಿ ಸೋದರನ ಜೊತೆ ಸೇರಿ ಯಂತ್ರ ಮಾಡಿದ. 1879ರಲ್ಲಿ ಅದಕ್ಕೆ ಪೇಟೆಂಟು ಪಡೆದ. ಗುಂಡಿ ಒತ್ತಿದರೆ ಎಷ್ಟು ಹಣವೆಂಬುದು ಗಿರಾಕಿಗೂ ಕಾಣುವಂತೆ ಮುಳ್ಳು ತಿರುಗುತ್ತಿತ್ತು. ಮುಂದೆ ಬಂದ ಯಂತ್ರಗಳಿಗೆ ಗಂಟೆ, ಹಣದ ಪೆಟ್ಟಿಗೆ, ಪ್ರತಿಯೊಂದು ವ್ಯಾಪಾರವನ್ನೂ ದಾಖಲಿಸುವ ಕಾಗದದ ಸುರುಳಿ ಎಲ್ಲ ಸೇರಿಕೊಂಡವು.

ಇದರಲ್ಲಿ ನಾವು ಗಮನಿಸಬೇಕಾದದ್ದೇನು? ಆ ಯಂತ್ರ ಯಾರ ಕಿಸೆಯನ್ನೂ ತಡಕಲಿಲ್ಲ. ಯಾರ ಜಾತಿ, ಊರು, ಮುಖ ಕೇಳಲಿಲ್ಲ. ನಡೆದ ವ್ಯಾಪಾರವನ್ನು ಮೂರನೆಯವನ ಕಣ್ಣಿಗೆ ಬೀಳಿಸಿತು, ಅಷ್ಟೇ. ಗಿರಾಕಿಯೇ ಸಾಕ್ಷಿಯಾದ. ಸಾಕ್ಷಿ ಇದ್ದಲ್ಲಿ ಕಳ್ಳನಿಗೆ ಕಷ್ಟ, ಪ್ರಾಮಾಣಿಕನಿಗೆ ರಕ್ಷಣೆ.

ನಮ್ಮ ಉಡುಪಿ ಹೊಟೇಲುಗಳಿಗೆ ಈ ಬುದ್ಧಿ ಹೊಸದೂ ಅಲ್ಲ. ಹಿಂದಿನ ಕಾಲದಲ್ಲಿ ಗಿರಾಕಿ ಎದ್ದು ಗಲ್ಲೆಯತ್ತ ನಡೆಯುವಾಗ ಮಾಣಿಯು ಇದ್ದಲ್ಲಿಂದಲೇ ಅವನ ಲೆಕ್ಕವನ್ನು ಗಟ್ಟಿಯಾಗಿ ಕೂಗುತ್ತಿದ್ದ. ಅದು ಕೇವಲ ಗದ್ದಲವಾಗಿರಲಿಲ್ಲ. ಹತ್ತು ಮಂದಿಯ ಕಿವಿಗೆ ಬಿದ್ದ ಲೆಕ್ಕವನ್ನು ಮಾಣಿಯೂ ಬದಲಿಸಲಾರ, ಗಲ್ಲೆಯವನೂ ಬದಲಿಸಲಾರ. ಇಂದು ಗಲ್ಲೆಯ ಪಕ್ಕದಲ್ಲಿಟ್ಟ ಸಣ್ಣ ಡಬ್ಬಿಯೊಂದು ಯುಪಿಐ ಹಣ ಬಂದೊಡನೆ "ಇಷ್ಟು ರೂಪಾಯಿ ಬಂತು" ಎಂದು ಕೂಗುತ್ತದೆ. ಹಳೆಯ ಮಾಣಿಯ ಕೂಗು ಈಗ ಡಬ್ಬಿಯ ಬಾಯಿಗೆ ಬಂದಿದೆ.

ಪಿಗ್ಮಿಯ ಪಾಠ

ನಮ್ಮ ಕರಾವಳಿಯವರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಇದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಏಜೆಂಟನು ದಿನವೂ ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಬಂದು ಎರಡಾಣೆಯಾದರೂ ಸರಿಯೆಂದು ಒಯ್ಯುತ್ತಿದ್ದ. ದಿನಕ್ಕೆ ನೂರು ಮನೆ ತಿರುಗುವ ಆ ಏಜೆಂಟನ ಹಿಂದೆ ಬ್ಯಾಂಕು ಪೊಲೀಸನನ್ನು ಕಳುಹಿಸಲು ಸಾಧ್ಯವಿತ್ತೇ? ಇಲ್ಲ. ಠೇವಣಿದಾರನ ಕೈಯಲ್ಲಿ ಒಂದು ಬರಹ, ಬ್ಯಾಂಕಿನಲ್ಲಿ ಇನ್ನೊಂದು ಬರಹ. ಎರಡೂ ತಾಳೆಯಾಗಬೇಕು. ಒಬ್ಬನೇ ಎರಡೂ ಪುಸ್ತಕವನ್ನು ತಿದ್ದಲಾರ. ಬಡವನ ಎರಡಾಣೆಯನ್ನು ಕಾಯ್ದದ್ದು ಏಜೆಂಟನ ಒಳ್ಳೆಯತನ ಮಾತ್ರವಲ್ಲ, ಈ ಎರಡು ಬರಹಗಳೂ ಹೌದು.

ನಂಬಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ನಂಬಿಕೆಗೆ ಕಾಗದದ ಊರುಗೋಲು ಬೇಕೆನ್ನುತ್ತೇನೆ.

ಕಳ್ಳತನದ ಮೂರು ಕಾಲು

ಡೊನಾಲ್ಡ್ ಕ್ರೆಸ್ಸಿ ಎಂಬ ಅಮೆರಿಕದ ವಿದ್ವಾಂಸ, ನಂಬಿಕೆದ್ರೋಹ ಮಾಡಿ ಸೆರೆಮನೆ ಸೇರಿದವರನ್ನು ಕಂಡು ಮಾತನಾಡಿಸಿ, 1953ರಲ್ಲಿ ಒಂದು ಪುಸ್ತಕ ಬರೆದ. ಅವನು ಕಂಡುಕೊಂಡದ್ದು ಇಷ್ಟು: ಅಂಥ ಮನುಷ್ಯನಿಗೆ ಯಾರೊಡನೆಯೂ ಹೇಳಿಕೊಳ್ಳಲಾಗದ ಒಂದು ಹಣದ ಕಷ್ಟವಿರುತ್ತದೆ, ಕೈಗೆ ಸಿಗುವ ಅವಕಾಶವಿರುತ್ತದೆ, "ನಾನು ಮಾಡುವುದು ಅಷ್ಟೇನೂ ತಪ್ಪಲ್ಲ" ಎಂದು ತನಗೆ ತಾನೇ ಹೇಳಿಕೊಳ್ಳುವ ಒಂದು ಸಮಾಧಾನವೂ ಇರುತ್ತದೆ. ಈ ಮೂರು ಕಾಲಿನ ಮೇಲೆ ಕಳ್ಳತನ ನಿಲ್ಲುತ್ತದೆ.

ಧಣಿಗಳಿಗೆ ಇದರಲ್ಲಿ ಒಂದೇ ಕಾಲು ಕಾಣುತ್ತದೆ. ಅವಕಾಶ ಮುಚ್ಚಬೇಕೆಂದು ಕೆಮರಾ ತಂದು ನಾಲ್ಕು ಮೂಲೆಗೆ ಕಟ್ಟುತ್ತಾರೆ. ಮಿಕ್ಕ ಎರಡು ಕಾಲುಗಳನ್ನು ಬೆಳೆಸಿದವರು ಯಾರು? ಊರಿನಲ್ಲಿ ತಾಯಿಗೆ ಕಾಯಿಲೆಯೆಂದು ಸಾವಿರ ರೂಪಾಯಿ ಮುಂಗಡ ಕೇಳಿದರೆ "ನಾಳೆ ನೋಡೋಣ" ಎನ್ನುವವರು ಯಾರು? ದುಡಿದ ಪಗಾರವನ್ನು ಇಪ್ಪತ್ತನೆಯ ತಾರೀಖಿನವರೆಗೆ ಹಿಡಿದಿಟ್ಟು ಹುಡುಗನನ್ನು ಸಾಲಗಾರನ ಬಾಗಿಲಿಗೆ ಕಳುಹಿಸುವವರು ಯಾರು? ದಿನಕ್ಕೆ ಹದಿನಾಲ್ಕು ಗಂಟೆ ದುಡಿಸಿ ಹೆಚ್ಚಿನ ಗಂಟೆಗೆ ಕಾಸು ಕೊಡದಿದ್ದಾಗ, "ಇದು ನನಗೆ ಬರತಕ್ಕದ್ದೇ" ಎಂಬ ಮಾತನ್ನು ಅವನ ಬಾಯಿಗೆ ಹಾಕಿಕೊಟ್ಟವರು ಯಾರು? ಕಳ್ಳತನ ತಪ್ಪೇ, ಅದಕ್ಕೆ ಎರಡು ಮಾತಿಲ್ಲ. ಆದರೆ ನ್ಯಾಯವಾದ ಪಗಾರವೂ ಹೊತ್ತಿಗೆ ಸರಿಯಾದ ಬಟವಾಡೆಯೂ ಗಲ್ಲೆಗೆ ಹಾಕಿದ ಬೀಗವೇ ಎಂಬುದನ್ನು ಧಣಿಗಳು ತಿಳಿಯಬೇಕು.

ದೊಡ್ಡ ಕಳ್ಳತನ ಎಲ್ಲಿ ನಡೆಯುತ್ತದೆ?

ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರನ್ನು ಕೇಳಿ ನೋಡಿ. ಪಾಳಿ ಮುಗಿದಾಗ ಗೇಟಿನಲ್ಲಿ ಝಡ್ತಿ ಇತ್ತು. ಊಟದ ಡಬ್ಬಿ ತೆರೆಸಿ, ಮೈ ಸವರಿ ಹೊರಗೆ ಬಿಡುತ್ತಿದ್ದರು. ಆಫೀಸಿನ ಬಾಗಿಲಿನಿಂದ ಮೋಟಾರಿನಲ್ಲಿ ಹೊರಡುವವರಿಗೆ ಯಾವ ಝಡ್ತಿ ಇತ್ತು? ಡಬ್ಬಿಯಲ್ಲಿ ಹಿಡಿಯುವುದು ನಾಲ್ಕು ಗಜ ಬಟ್ಟೆ. ಕಾಗದದಲ್ಲಿ ಹಿಡಿಯುವುದಕ್ಕೆ ಅಳತೆಯೇ ಇಲ್ಲ.

ನಮ್ಮ ಕಣ್ಣೆದುರಿಗೇ ನಡೆದ ಎರಡು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು 2018ನೆಯ ಇಸವಿಯದು. ಮುಂಬಯಿ ಕೋಟೆಯ ಬ್ರೇಡಿ ಹೌಸಿನಲ್ಲಿದ್ದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಶಾಖೆಯಿಂದ ನೀರವ್ ಮೋದಿ ಮೊದಲಾದ ವಜ್ರವ್ಯಾಪಾರಿಗಳಿಗೆ ಸುಳ್ಳು ಜಾಮೀನುಪತ್ರಗಳು ಹೋಗಿದ್ದುವೆಂಬುದು ಬಯಲಾಯಿತು. ಬ್ಯಾಂಕು ಮೊದಲು ಹೇಳಿದ ಮೊತ್ತವೇ 11,000 ಕೋಟಿ ರೂಪಾಯಿಗೂ ಮಿಕ್ಕಿದ್ದು. ಇದು ನಡೆದದ್ದು ಹೇಗೆ? ವಿದೇಶದ ಬ್ಯಾಂಕುಗಳಿಗೆ ಸಂದೇಶ ಕಳುಹಿಸುವ ಸ್ವಿಫ್ಟ್ ಯಂತ್ರ ಒಂದು ಕಡೆ, ಬ್ಯಾಂಕಿನ ದಿನದ ಲೆಕ್ಕ ಬರೆಯುವ ಯಂತ್ರ ಇನ್ನೊಂದು ಕಡೆ, ಎರಡಕ್ಕೂ ಸಂಬಂಧವಿರಲಿಲ್ಲ. ಒಂದರಲ್ಲಿ ಕಳುಹಿಸಿದ್ದನ್ನು ಇನ್ನೊಂದರಲ್ಲಿ ಬರೆಯದಿದ್ದರೆ ಕೇಳುವವರಿರಲಿಲ್ಲ. ಆರೋಪಕ್ಕೆ ಗುರಿಯಾದ ಅಧಿಕಾರಿ ಏಳು ವರ್ಷಗಳ ಕಾಲ ಅದೇ ಶಾಖೆಯಲ್ಲಿ ಅದೇ ಕೆಲಸದಲ್ಲಿದ್ದ. ಅವನು ನಿವೃತ್ತನಾಗಿ ಬೇರೊಬ್ಬರು ಆ ಕುರ್ಚಿಯಲ್ಲಿ ಕುಳಿತ ಮೇಲೆ ಗುಟ್ಟು ಹೊರಬಿತ್ತು. ಎರಡು ಬರಹ ತಾಳೆ ನೋಡುವ ಪಿಗ್ಮಿಯ ಪಾಠವನ್ನು ಅಷ್ಟು ದೊಡ್ಡ ಬ್ಯಾಂಕು ಮರೆತಿತ್ತು.

ಎರಡನೆಯದು ನಮಗೆ ಇನ್ನೂ ನೋವಿನದು. ಮಂಗಳೂರಿನಿಂದ ಬಂದು ಈ ಪಟ್ಟಣದ ಹೊಟೇಲು ಕಾರ್ಮಿಕರನ್ನೂ ಟ್ಯಾಕ್ಸಿ ಚಾಲಕರನ್ನೂ ಸಂಘಟಿಸಿದ ಜಾರ್ಜ್ ಫರ್ನಾಂಡಿಸರು 1968ರಲ್ಲಿ ಬಾಂಬೆ ಲೇಬರ್ ಕೋಆಪರೇಟಿವ್ ಬ್ಯಾಂಕನ್ನು ಸ್ಥಾಪಿಸಿದರು. ಸಾಲಗಾರನ ಬಾಗಿಲಿಗೆ ಹೋಗದಂತೆ ದುಡಿಯುವವನಿಗೆ ಒಂದು ಬ್ಯಾಂಕು ಬೇಕೆಂಬುದು ಉದ್ದೇಶ. ಮುಂದೆ ಅದು ನ್ಯೂ ಇಂಡಿಯಾ ಕೋಆಪರೇಟಿವ್ ಬ್ಯಾಂಕ್ ಎಂಬ ಹೆಸರು ತಾಳಿತು. 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕಿನವರು ಬಂದು ತಿಜೋರಿ ತೆರೆಸಿ ಎಣಿಸಿದಾಗ, ಪುಸ್ತಕದಲ್ಲಿದ್ದ ನಗದಿನಲ್ಲಿ 122 ಕೋಟಿ ರೂಪಾಯಿ ಇರಲಿಲ್ಲವೆಂದು ದೂರು ದಾಖಲಾಯಿತು. ಪೊಲೀಸರು ಬಂಧಿಸಿದವರಲ್ಲಿ ಮೊದಲನೆಯವನು ಲೆಕ್ಕಪತ್ರದ ಮೇಲ್ವಿಚಾರಣೆಯಲ್ಲಿದ್ದ ಜನರಲ್ ಮೆನೇಜರ್. ಫೆಬ್ರವರಿ 13ರಂದು ಹಣ ತೆಗೆಯುವುದು ನಿಂತಿತು. ಠೇವಣಿದಾರರು ಬಾಗಿಲ ಮುಂದೆ ಸಾಲುಗಟ್ಟಿದರು. ಆ ತಿಂಗಳ ಕೊನೆಗೆ 25,000 ರೂಪಾಯಿಯವರೆಗೆ ತೆಗೆಯಲು ಅಪ್ಪಣೆಯಾಯಿತು. ಆಗಸ್ಟಿನಲ್ಲಿ ಬ್ಯಾಂಕು ಸಾರಸ್ವತ ಬ್ಯಾಂಕಿನಲ್ಲಿ ವಿಲೀನವಾಯಿತು. ತಪ್ಪಿತಸ್ಥರು ಯಾರೆಂಬುದನ್ನು ನ್ಯಾಯಾಲಯವೇ ಹೇಳಬೇಕು. ಆದರೆ ಒಂದು ಪ್ರಶ್ನೆಗೆ ನ್ಯಾಯಾಲಯವೂ ಬೇಕಿಲ್ಲ: ಇಷ್ಟು ಕಾಲ ಆ ತಿಜೋರಿಯನ್ನು ತೆರೆದು, ನೋಟಿನ ಕಟ್ಟುಗಳನ್ನು ಕೈಯಿಂದ ಮುಟ್ಟಿ, ಪುಸ್ತಕದ ಜೊತೆ ತಾಳೆ ನೋಡಬೇಕಾದವರು ಏನು ಮಾಡುತ್ತಿದ್ದರು? ಸಹಿ ಮಾಡಿದವರು ಪುಸ್ತಕ ನೋಡಿ ಮಾಡಿದರೋ, ಹಣ ನೋಡಿ ಮಾಡಿದರೋ?

ಮೋಸ ಪತ್ತೆಹಚ್ಚುವವರ ಅಂತರರಾಷ್ಟ್ರೀಯ ಸಂಸ್ಥೆಯೊಂದು, ಅಸೋಸಿಯೇಷನ್ ಆಫ್ ಸರ್ಟಿಫೈಡ್ ಫ್ರಾಡ್ ಎಗ್ಸಾಮಿನರ್ಸ್, 2024ರ ತನ್ನ ವರದಿಯಲ್ಲಿ ಲೆಕ್ಕ ಕೊಟ್ಟಿದೆ. ಸಾಮಾನ್ಯ ನೌಕರ ಮಾಡಿದ ಮೋಸದಲ್ಲಿ ನಡುಮಟ್ಟದ ನಷ್ಟ 60,000 ಡಾಲರು. ಮಾಲೀಕ ಅಥವಾ ಮೇಲಧಿಕಾರಿ ಮಾಡಿದ ಮೋಸದಲ್ಲಿ 5,00,000 ಡಾಲರು. ಎಂಟು ಪಟ್ಟಿಗೂ ಮಿಗಿಲು! ಅದೇ ವರದಿ ಇನ್ನೊಂದು ಮಾತು ಹೇಳುತ್ತದೆ: ನೂರು ಮೋಸಗಳಲ್ಲಿ ನಲವತ್ತಮೂರು ಬಯಲಾದದ್ದು ಯಾರೋ ಬಂದು ಹೇಳಿದ್ದರಿಂದ, ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಲ್ಲಿಯ ನೌಕರರೇ. ಅಂದರೆ, ಧಣಿಗಳು ಯಾರ ಮೇಲೆ ಸಂಶಯಪಡುತ್ತಾರೋ ಅವರೇ ಕಳ್ಳತನ ಹಿಡಿದುಕೊಡುವವರು. ಆದರೆ ಮಾತಾಡಿದವನ ಕೆಲಸ ಹೋಗುವ ಜಾಗದಲ್ಲಿ ಯಾರು ಬಾಯಿ ತೆರೆದಾರು?

ಕಾನೂನು ಏನು ಹೇಳುತ್ತದೆ?

ಕಡಿಮೆ ಬಿದ್ದದ್ದನ್ನು ಎಲ್ಲರ ಪಗಾರದಲ್ಲಿ ಹಂಚಿ ಮುರಿಯುವುದು ಧಣಿಯ ಹಕ್ಕು ಎಂದು ನಮ್ಮವರೇ ಎಷ್ಟೋ ಮಂದಿ ತಿಳಿದಿದ್ದಾರೆ. ಇದು ಶುದ್ಧ ಸುಳ್ಳು. 1936ರ ವೇತನ ಪಾವತಿ ಕಾಯಿದೆಯಲ್ಲಿಯೂ ಈ ಹಕ್ಕು ಇರಲಿಲ್ಲ; 2025ರ ನವೆಂಬರ್ 21ರಿಂದ ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲಿಯೂ ಇಲ್ಲ. ಸಂಹಿತೆಯ ಮಾತುಗಳನ್ನು ಗಂಟು ಕಟ್ಟಿಕೊಳ್ಳಿ.

ನಷ್ಟಕ್ಕಾಗಿ ಪಗಾರ ಮುರಿಯಬೇಕಾದರೆ, ಆ ಸಾಮಾನನ್ನು ಆ ನೌಕರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿರಬೇಕು, ಇಲ್ಲವೇ ಆ ಹಣಕ್ಕೆ ಲೆಕ್ಕ ಕೊಡುವ ಹೊಣೆ ಅವನದಾಗಿರಬೇಕು. ನಷ್ಟವು ನೇರವಾಗಿ ಅವನ ಅಲಕ್ಷ್ಯದಿಂದ ಅಥವಾ ತಪ್ಪಿನಿಂದಲೇ ಆಗಿರಬೇಕು. ಮುರಿಯುವ ಮೊದಲು ಅವನು ತನ್ನ ಮಾತು ಹೇಳಲು ಅವಕಾಶ ಕೊಡಬೇಕು. ಆದ ನಷ್ಟಕ್ಕಿಂತ ಒಂದು ಪೈಸೆ ಹೆಚ್ಚು ಮುರಿಯಕೂಡದು. ಮುರಿದದ್ದನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ದಂಡ ಹಾಕುವುದಾದರೆ ಅದು ಆ ಅವಧಿಯ ವೇತನದ ನೂರಕ್ಕೆ ಮೂರನ್ನು ಮೀರಕೂಡದು. ದಂಡದ ಹಣ ಧಣಿಯ ಕಿಸೆಗಲ್ಲ, ಕಾರ್ಮಿಕರ ಹಿತಕ್ಕೇ ವಿನಿಯೋಗವಾಗಬೇಕು. ಎಲ್ಲ ಬಗೆಯ ಕಡಿತ ಸೇರಿದರೂ ವೇತನದ ಅರ್ಧವನ್ನು ದಾಟಕೂಡದು. ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನಗಳೊಳಗೆ ಬಾಕಿ ಪಗಾರ ಕೈಗೆ ಬರಬೇಕು.

ಈಗ ಹೇಳಿ: ಗಲ್ಲೆಯ ಕೀಲಿಕೈಯನ್ನೇ ಮುಟ್ಟದ ಸಪ್ಲಾಯರನಿಂದ ಗಲ್ಲೆಯ ಕೊರತೆಯನ್ನು ವಸೂಲು ಮಾಡುವುದು ಯಾವ ಕಾನೂನು? ಅವನೇ ಬಿಲ್ಲಿನ ಹಣ ಎತ್ತುವವನಾದರೆ ಅವನು ಎತ್ತಿದ ಹಣಕ್ಕೆ ಅವನು ಜವಾಬ್ದಾರ. ಪಕ್ಕದ ನಾಲ್ಕು ಮೇಜಿನ ಹಣಕ್ಕಲ್ಲ.

ದಾದರಿನ ಕಡೆಯ ಒಂದು ಹೊಟೇಲಿನಲ್ಲಿ ಮೂವರು ಹುಡುಗರ ಪಗಾರದಲ್ಲಿ ಎರಡು ತಿಂಗಳು ಕಡಿತ ಮಾಡಿದ್ದರು. ದಿನವೂ ಮುನ್ನೂರು ನಾನೂರು ರೂಪಾಯಿ ಕಡಿಮೆ ಬೀಳುತ್ತದೆಂದು ಕಾರಣ. ಸಂಘದವರು ಹೋಗಿ ಕುಳಿತು ಬಿಲ್ಲಿನ ಪಟ್ಟಿಯನ್ನೂ ಬ್ಯಾಂಕಿನ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು. ಬೆಳಗಿನ ಹೊತ್ತು ಮೇಜಿನ ಮೇಲೆ ಇರುತ್ತಿದ್ದ ಒಂದು ಕ್ಯೂಆರ್ ಚೀಟಿ ಹೊಟೇಲಿನ ಖಾತೆಯದಾಗಿರಲಿಲ್ಲ. ಧಣಿಯ ಮಗನ ಸ್ವಂತ ಖಾತೆಯದಾಗಿತ್ತು! ಹಣ ಮನೆಯೊಳಗೇ ಹೋಗುತ್ತಿತ್ತು, ಕಳ್ಳನ ಹೆಸರು ಮಾತ್ರ ಹುಡುಗರದ್ದು. ಕಡಿತದ ಹಣ ವಾಪಸು ಬಂತು. ಕ್ಷಮೆಯ ಮಾತು ಬರಲಿಲ್ಲ.

ನಮ್ಮ ಬೇಡಿಕೆಗಳು

ಹಾಗಾದರೆ ನಾವು ಕೇಳತಕ್ಕದ್ದೇನು? ಬೇಡಿಕೆಗಳನ್ನು ಒಂದೊಂದಾಗಿ ಹೇಳುತ್ತೇನೆ. ಪ್ರತಿಯೊಂದು ಹೊಟೇಲಿನ ಹುಡುಗರೂ ಇದನ್ನು ಓದಿಸಿ ಕೇಳಲಿ.

ಒಂದು: ಮೂರು ಕೈ ಬೇರೆ ಬೇರೆ ಇರಲಿ. ಸಾಮಾನು ಕಾಯುವ ಕೈ, ಹಣ ಹಿಡಿಯುವ ಕೈ, ಲೆಕ್ಕ ಬರೆಯುವ ಕೈ. ಮೂರೂ ಒಬ್ಬನದೇ ಆದರೆ ಅವನು ದೇವರಾದರೂ ಸಂಶಯ ತಪ್ಪದು. ಸಣ್ಣ ಹೊಟೇಲಿನಲ್ಲಿ ಅಷ್ಟು ಜನ ಎಲ್ಲಿ ಎಂದು ಧಣಿ ಕೇಳಬಹುದು. ಜನ ಕಡಿಮೆಯಿದ್ದರೆ ಧಣಿಯೇ ಒಂದು ಕೈಯಾಗಲಿ. ದಿನದ ಬಿಲ್ಲು, ದಿನದ ನಗದು, ದಿನದ ಬ್ಯಾಂಕು ಲೆಕ್ಕ ಈ ಮೂರನ್ನು ಅವನೇ ತಾಳೆ ನೋಡಲಿ. ಕಾಲು ಗಂಟೆಯ ಕೆಲಸ.

ಎರಡು: ಬಿಲ್ಲಿಗೂ ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿಗೂ ಕ್ರಮಸಂಖ್ಯೆ ಇರಲಿ. ರದ್ದಾದ ಬಿಲ್ಲನ್ನು ಹರಿದು ಎಸೆಯಕೂಡದು. ಏಕೆ ರದ್ದಾಯಿತೆಂದು ಬರೆದು ಇಬ್ಬರು ಸಹಿ ಹಾಕಲಿ. ಕಂಪ್ಯೂಟರಿನ ಬಿಲ್ಲಾದರೆ, ರದ್ದು ಮಾಡುವ ಗುಟ್ಟಿನ ಅಂಕೆ ಗಲ್ಲೆಯವನ ಕೈಯಲ್ಲಿರುವುದು ಬೇಡ. ಅಡುಗೆಮನೆಯಿಂದ ಹೊರಟ ದೋಸೆಯ ಲೆಕ್ಕಕ್ಕೂ ಬಿಲ್ಲಿನಲ್ಲಿ ಕಂಡ ದೋಸೆಯ ಲೆಕ್ಕಕ್ಕೂ ತಾಳೆಯಾದರೆ ಅಲ್ಲಿಗೆ ಅರ್ಧ ಜಗಳ ಮುಗಿಯಿತು.

ಮೂರು: ಪಾಳಿ ಬದಲಾಗುವಾಗ ಹಣವನ್ನು ಇಬ್ಬರ ಎದುರಿನಲ್ಲಿ ಎಣಿಸಿ, ಕೊಟ್ಟವನೂ ಪಡೆದವನೂ ಸಹಿ ಮಾಡಲಿ. ಕಡಿಮೆಯನ್ನು ಬರೆಯುವಂತೆ ಹೆಚ್ಚನ್ನೂ ಬರೆಯಲಿ. ಹೆಚ್ಚು ಬಂದದ್ದನ್ನು ಬರೆಯದ ಗಲ್ಲೆಯೇ ಎಲ್ಲಕ್ಕಿಂತ ಅಪಾಯದ್ದು. ಕಳ್ಳನು ಮೊದಲು ಬಚ್ಚಿಡುವುದು ಅಲ್ಲಿಯೇ. ನೂರಾರು ಗಿರಾಕಿಗಳ ಚಿಲ್ಲರೆಯಲ್ಲಿ ಹತ್ತಿಪ್ಪತ್ತು ರೂಪಾಯಿ ಆಚೀಚೆ ಆಗುವುದು ಸಹಜ. ಅದಕ್ಕೆ ಯಾರನ್ನೂ ಕಳ್ಳನೆನ್ನಬಾರದು.

ನಾಲ್ಕು: ಉಗ್ರಾಣಕ್ಕೆ ಬಂದ ಸಾಮಾನನ್ನು ತರಿಸಿದವನು ತೂಗಬಾರದು, ಬೇರೊಬ್ಬನು ತೂಗಲಿ. ಅಕ್ಕಿ, ಉದ್ದು, ಎಣ್ಣೆ, ತುಪ್ಪ ಹೊರಗೆ ಹೋಗುವಾಗ ಚೀಟಿ ಇರಲಿ. ಹಳಸಿದ್ದು, ಚೆಲ್ಲಿದ್ದು, ಉಳಿದದ್ದು ಇವಕ್ಕೂ ಒಂದು ಪುಸ್ತಕವಿರಲಿ. ನೂರು ಕಿಲೋ ಬಿಲ್ಲಿಗೆ ತೊಂಬತ್ತು ಕಿಲೋ ಇಳಿಸಿ, ಮಿಕ್ಕ ಹತ್ತರ ಹಣವನ್ನು ಅಂಗಡಿಯವನೂ ಮೆನೇಜರನೂ ಹಂಚಿಕೊಂಡರೆ, ಅದು ಮಾಣಿಯ ಕಿಸೆ ತಡಕಿದರೆ ಸಿಗುತ್ತದೆಯೇ?

ಐದು: ಗಲ್ಲೆಯವನಿಗೂ ಉಗ್ರಾಣದವನಿಗೂ ಕಡ್ಡಾಯ ರಜೆ ಕೊಡಿ, ಆ ದಿನಗಳಲ್ಲಿ ಬೇರೊಬ್ಬನನ್ನು ಅಲ್ಲಿ ಕೂರಿಸಿ. ಇದು ನಮ್ಮ ಸಂಘದ ತರಲೆಯಲ್ಲ. ಸೂಕ್ಷ್ಮ ಹುದ್ದೆಯಲ್ಲಿರುವ ಬ್ಯಾಂಕು ನೌಕರರಿಗೆ ಮುಂಚಿತವಾಗಿ ತಿಳಿಸದೆ ವರ್ಷಕ್ಕೆ ಕನಿಷ್ಠ ಹತ್ತು ಕೆಲಸದ ದಿನ ರಜೆ ಕೊಟ್ಟು ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಹೇಳಿದೆ. ಮೋಸ ಮಾಡುವವನು ಕುರ್ಚಿ ಬಿಟ್ಟು ಏಳಲಾರ. ಎದ್ದರೆ ಗುಟ್ಟು ಬಯಲಾಗುತ್ತದೆ. ರಜೆ ಕೇಳಿದರೆ ಮುಖ ಗಂಟಿಕ್ಕುವ ಧಣಿಗಳೇ, ನಿಮ್ಮ ಗಲ್ಲೆಯನ್ನು ಕಾಯುವ ಬೀಗವನ್ನು ನೀವೇ ಮುರಿಯುತ್ತಿದ್ದೀರಿ.

ಆರು: ಧಣಿಯೂ ಅವನ ಮನೆಯವರೂ ಗಲ್ಲೆಯಿಂದ ಹಣ ತೆಗೆದರೆ ಚೀಟಿ ಬರೆದಿಡಲಿ. ಮಗನ ಪೆಟ್ರೋಲಿಗೆ, ಅತ್ತೆಯ ಔಷಧಕ್ಕೆ, ದೇವಸ್ಥಾನದ ಕಾಣಿಕೆಗೆ ತೆಗೆಯಲಿ, ಬೇಡವೆಂದವರು ಯಾರು? ಹಣ ಅವರದೇ. ಆದರೆ ಚೀಟಿಯಿಲ್ಲದೆ ತೆಗೆದು, ಸಂಜೆ ಕಡಿಮೆ ಬಿತ್ತೆಂದು ಹುಡುಗನ ಕೆನ್ನೆಗೆ ಹೊಡೆಯುವುದು ಯಾವ ಧರ್ಮ?

ಏಳು: ಕ್ಯೂಆರ್ ಚೀಟಿಯನ್ನು ದಿನವೂ ಬಾಗಿಲು ತೆರೆಯುವಾಗ ಒಂದು ರೂಪಾಯಿ ಕಳುಹಿಸಿ ಯಾರ ಹೆಸರಿಗೆ ಹೋಗುತ್ತದೆಂದು ನೋಡಲಿ. ಕೂಗುವ ಡಬ್ಬಿಯ ಬಾಯಿ ಮುಚ್ಚಿಸಬಾರದು.

ಎಂಟು: ಕೆಮರಾ ಇಡುವುದಾದರೆ ಗಲ್ಲೆಯ ಮೇಲೂ ಇರಲಿ, ಉಗ್ರಾಣದ ಬಾಗಿಲಿನ ಮೇಲೂ ಇರಲಿ. ಯಾರ ಮೇಲೆ ಆರೋಪ ಬಂತೋ ಅವನಿಗೆ ಅದರ ಚಿತ್ರವನ್ನು ತೋರಿಸಲಿ. ಹುಡುಗರು ಮಲಗುವ, ಬಟ್ಟೆ ಬದಲಿಸುವ ಜಾಗದಲ್ಲಿ ಕೆಮರಾ ಕೂಡದು.

ಒಂಬತ್ತು: ಕಳ್ಳತನ ಕಂಡು ಬಂದು ಹೇಳಿದವನಿಗೆ ಅಭಯವಿರಲಿ, ಅವನು ಹೇಳಿದ್ದು ಮೆನೇಜರನ ಮೇಲೆಯೇ ಆಗಿದ್ದರೂ ಸರಿ. ಆರೋಪ ಬಂದರೆ ವಿಚಾರಣೆ ನಡೆಯಲಿ. ಆ ವಿಚಾರಣೆಯಲ್ಲಿ ಸಂಘದ ಒಬ್ಬ ಪ್ರತಿನಿಧಿ ಕುಳಿತಿರಲಿ. ಆರೋಪ ಸಾಬೀತಾದರೆ ಸಂಘ ಅಡ್ಡ ಬರುವುದಿಲ್ಲ. ಈ ಮಾತನ್ನು ನಾವು ಮುಚ್ಚುಮರೆಯಿಲ್ಲದೆ ಹೇಳೋಣ.

ನಮ್ಮವರ ಆಕ್ಷೇಪ

"ಲೆಕ್ಕ ಬಿಗಿಯಾದರೆ ನಮ್ಮ ಕುತ್ತಿಗೆಗೇ ಹಗ್ಗ" ಎಂದು ನಮ್ಮವರೇ ಕೆಲವರು ಹೇಳುತ್ತಾರೆ. ಒಂದು ಕಡೆಯ ಲೆಕ್ಕ ಬಿಗಿಯಾದರೆ ನಿಜ, ಅದು ಹಗ್ಗವೇ. ಅದಕ್ಕಾಗಿಯೇ ಎರಡೂ ಕಡೆಯ ಸಹಿ ಕೇಳುತ್ತಿದ್ದೇವೆ. ಬರೆಯದ ಲೆಕ್ಕದಲ್ಲಿ ಧಣಿಯ ಬಾಯಿಮಾತೇ ಸಾಕ್ಷಿ, ಧಣಿಯೇ ನ್ಯಾಯಾಧೀಶ. ಬರೆದ ಲೆಕ್ಕದಲ್ಲಿ ನಮ್ಮ ಸಹಿಗೂ ಬೆಲೆಯಿದೆ. ಕಾಗದವಿಲ್ಲದವನು ಲೇಬರ್ ಆಫೀಸಿನ ಮೆಟ್ಟಿಲು ಹತ್ತಿದರೂ ಬರಿಗೈಯಲ್ಲಿ ಇಳಿಯಬೇಕಾಗುತ್ತದೆ. ಅನ್ಯಾಯವಾಗಿ ಪಗಾರ ಮುರಿದವರ ಮೇಲೆ ಮೂರು ವರ್ಷದೊಳಗೆ ದೂರು ಕೊಡಲು ಸಂಹಿತೆಯಲ್ಲಿ ಅವಕಾಶವಿದೆ. ಸದಸ್ಯನ ಪರವಾಗಿ ನೋಂದಾಯಿತ ಸಂಘವೂ ದೂರು ಕೊಡಬಹುದು. ಆದರೆ ದೂರಿಗೆ ಆಧಾರ ಬೇಡವೇ? ಕೈಗೆ ಬಂದ ಪಗಾರ, ಮುರಿದ ಹಣ, ತಾರೀಖು, ಹೇಳಿದ ಕಾರಣ ಇವನ್ನು ಒಂದು ಸಣ್ಣ ಪುಸ್ತಕದಲ್ಲಿ ಪ್ರತಿಯೊಬ್ಬನೂ ಬರೆದಿಡಲಿ. ಬರೆಯಲು ಬಾರದವನು ಗೆಳೆಯನಿಂದ ಬರೆಸಲಿ.

ಇನ್ನು ನಮ್ಮ ಮನೆಯ ಮಾತು. ಧಣಿಯ ಗಲ್ಲೆಗೆ ಇಷ್ಟೆಲ್ಲ ಕಟ್ಟುಪಾಡು ಕೇಳುವ ನಾವು ನಮ್ಮ ಸಂಘದ ಪೆಟ್ಟಿಗೆಗೆ, ರೂಮಿನ ಚೀಟಿಗೆ, ಊರಿನ ಹಬ್ಬದ ವಂತಿಗೆಗೆ ಏನು ಕೇಳುತ್ತೇವೆ? "ಅಣ್ಣ ನಮ್ಮೂರಿನವನು, ಲೆಕ್ಕ ಕೇಳಿದರೆ ಬೇಜಾರು ಮಾಡಿಕೊಂಡಾನು" ಎನ್ನುತ್ತೇವೆ. ಲೆಕ್ಕ ಕೇಳಿದರೆ ಬೇಜಾರು ಮಾಡಿಕೊಳ್ಳುವವನ ಕೈಗೆ ಹಣ ಕೊಡಲೇಬಾರದು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ಕಾರ್ಮಿಕರಿಗಾಗಿ ಹುಟ್ಟಿದ ಬ್ಯಾಂಕಿನ ತಿಜೋರಿಯ ಗತಿಯೇ ಹಾಗಾದ ಮೇಲೆ ನಮ್ಮ ತಗಡಿನ ಪೆಟ್ಟಿಗೆಯ ಬಗ್ಗೆ ಹೇಳುವುದೇನಿದೆ? ಸಂಘದ ರಸೀದಿ ಪುಸ್ತಕಕ್ಕೂ ಕ್ರಮಸಂಖ್ಯೆ ಇರಲಿ. ಹಣ ತೆಗೆಯಲು ಎರಡು ಸಹಿ ಬೇಕಾಗಲಿ. ಮೂರು ತಿಂಗಳಿಗೊಮ್ಮೆ ಜಮಾಖರ್ಚನ್ನು ಬರೆದು ಗೋಡೆಗೆ ಅಂಟಿಸಲಿ. ಖಜಾಂಚಿಯನ್ನು ಎರಡು ವರ್ಷಕ್ಕೊಮ್ಮೆ ಬದಲಿಸಲಿ, ಅವನು ಎಷ್ಟೇ ಒಳ್ಳೆಯವನಿರಲಿ. ಒಳ್ಳೆಯವನ ಹೆಸರು ಉಳಿಯಬೇಕಾದರೆ ಇದೇ ದಾರಿ. ನಮ್ಮ ಮನೆಯ ದೀಪ ಸರಿಯಾಗಿ ಉರಿದರೆ ಮಾತ್ರ ಧಣಿಯ ಮನೆಯ ಕತ್ತಲೆಯನ್ನು ತೋರಿಸುವ ಹಕ್ಕು ನಮಗಿರುತ್ತದೆ.

ಒಳ್ಳೆಯ ಧಣಿಗಳೂ ಇದ್ದಾರೆ. ತಾವೇ ಸೌಟು ಹಿಡಿದು, ತಟ್ಟೆ ತೊಳೆದು ಮೇಲೆ ಬಂದವರಿದ್ದಾರೆ. ಅವರಿಗೆ ಹೇಳುವುದಿಷ್ಟು: ನಾವು ಕೇಳುವ ಒಂಬತ್ತು ಮಾತುಗಳಲ್ಲಿ ನಿಮಗೆ ನಷ್ಟ ತರುವ ಮಾತು ಒಂದೂ ಇಲ್ಲ. ನಿಮ್ಮ ಹಣ ಉಳಿಯುತ್ತದೆ, ನಮ್ಮ ಮಾನ ಉಳಿಯುತ್ತದೆ. ಇದಕ್ಕೂ ಒಪ್ಪದ ಧಣಿ ಇದ್ದರೆ, ಅವನಿಗೆ ಬೇಕಾದದ್ದು ಕಳ್ಳನಲ್ಲ, ಪಗಾರ ಮುರಿಯಲು ಒಂದು ನೆಪ ಎಂದೇ ನಾವು ತಿಳಿಯಬೇಕಾಗುತ್ತದೆ.

ಬಂಧುಗಳೇ, ಮುಂದಿನ ಸಭೆಗೆ ಬರುವಾಗ ಪ್ರತಿಯೊಂದು ಹೊಟೇಲಿನವರೂ ಎರಡು ವಿಷಯ ಬರೆದು ತನ್ನಿ: ಕಳೆದ ಆರು ತಿಂಗಳಲ್ಲಿ ಯಾರ ಯಾರ ಪಗಾರದಲ್ಲಿ ಎಷ್ಟೆಷ್ಟು ಮುರಿದಿದ್ದಾರೆ, ಅದಕ್ಕೆ ಏನು ಕಾರಣ ಹೇಳಿದ್ದಾರೆ. ಅದನ್ನೆ ಮುಂದಿಟ್ಟುಕೊಂಡು ಧಣಿಗಳ ಬಳಿಗೆ ಹೋಗೋಣ. ಅವರು ಕೇಳದಿದ್ದರೆ ಲೇಬರ್ ಆಫೀಸಿಗೆ ಹೋಗೋಣ. ಅಲ್ಲಿಯವರೆಗೆ ಯಾವ ಹುಡುಗನೂ ಎಣಿಸದ ಹಣಕ್ಕೆ, ಓದದ ಕಾಗದಕ್ಕೆ ಸಹಿ ಹಾಕಬಾರದು.